ಇಪ್ಪತ್ತಾರು ಸೋಲು

ಭದ್ರಾವತಿ, ಕಾರ್ಖಾನೆ ಕ್ಯಾಂಟೀನಿನ ಹಿಂಗೋಡೆ.
ಹೊಗೆ ಹಿಡಿದು ಕಪ್ಪಾದ ಆ ಗೋಡೆಯ ಮೇಲೆ
ಅಪ್ಪ, ಅಚ್ಚು ಹೊಯ್ಯುವ ಇನ್ನಾಸಪ್ಪ,
ಎರಡನೇ ಪಾಳಿ ಮುಗಿಸಿ ಸ್ಟೂಲು ಹತ್ತಿ
ಸೀಮೆಸುಣ್ಣದಲ್ಲಿ ಕಪ್ಪಿನ ಮರ ಬರೆಯುತ್ತಿದ್ದ.

ಅಡ್ಡ ಮಲಗಿದ ಮರ.
ಎಲೆ ಮೊದಲು, ಕಾಂಡ ಕೊನೆಗೆ.
ಎರಡು ಹೆಸರಿಗೊಂದು ಕವಲು, ಎರಡು ಕವಲಿಗೊಂದು ಕೊಂಬೆ,
ಮಳೆ ಬಿಟ್ಟು ಮೈದಾನ ಗಟ್ಟಿಯಾಗುವ ಹೊತ್ತಿಗೆ
ಒಂದೇ ಗೆರೆ ಉಳಿದು
ಬಾಗಿಲ ಚೌಕಟ್ಟಿಗೆ ತಾಗಿ ನಿಲ್ಲುತ್ತಿತ್ತು.

"ಇಪ್ಪತ್ತೇಳು ತಂಡ. ಎಷ್ಟು ಮ್ಯಾಚು, ಹೇಳು?"
ನಾನು ಬೆರಳು ಮಡಚುತ್ತಿದ್ದೆ: ಐವರಿಗೆ ಬೈ,
ಉಳಿದವರು ಹನ್ನೊಂದು ಜೋಡಿ, ಆಮೇಲೆ ಎಂಟು, ನಾಲ್ಕು...
"ಗೆದ್ದವರನ್ನ ಯಾಕೆ ಎಣಿಸ್ತೀಯ ಮಗಾ,
ಸೋತವರನ್ನ ಎಣಿಸು.
ಒಂದು ಮ್ಯಾಚಿಗೆ ಒಬ್ಬರು ಮನೆಗೆ.
ಇಪ್ಪತ್ತಾರು ತಂಡ ಮನೆಗೆ ಹೋಗದೆ
ಒಂದರ ಕೈಗೆ ಕಪ್ಪು ಬರಲ್ಲ."
ಬೈ ಅಂದರೆ ಬೈಗುಳ ಅಂದುಕೊಂಡಿದ್ದೆ ನಾನು.
"ಅಲ್ಲ, ಆಡದೆ ಗೆಲ್ಲೋದು.
ಸಿಕ್ಕರೆ ತಗೋ. ಹೇಳ್ಕೊಂಡು ತಿರುಗಬೇಡ."

ಕಪ್ಪು ಕೊಟ್ಟವನು ಅರಸರ ಕಾಲದ ಯಾವನೋ ಇಂಜಿನಿಯರು,
ಹೆಂಡತಿಯ ನೆನಪಿಗೋ ಕುದುರೆಯ ನೆನಪಿಗೋ,
ಅಕ್ಷರ ಸವೆದು ತಿಳಿಯದು.
ಪೀಠದ ಸುತ್ತ ಬೆಳ್ಳಿ ತಗಡು, ತಗಡಿಗೊಂದು ಇಸವಿ.
ಯುದ್ಧದ ಎರಡು ವರ್ಷ ಖಾಲಿ.
ರೆಫರಿಯನ್ನು ಭದ್ರಾ ಹೊಳೆಗೆ ದೂಡಿದ ವರ್ಷವೂ ಖಾಲಿ.
ಜಾಗ ಮುಗಿದಾಗ ಪೀಠದ ಕೆಳಗೆ ಇನ್ನೊಂದು ಪೀಠ.
ಕಪ್ಪು ಇದ್ದಷ್ಟೇ ಇತ್ತು,
ಇತಿಹಾಸ ಮಾತ್ರ ಎತ್ತರವಾಗುತ್ತ ಹೋಯಿತು.

ಚೀಟಿ ಎತ್ತುವವಳು ನಾನು.
ಹಳದಿ ಹೆಲ್ಮೆಟ್ಟಿನೊಳಗೆ ಕಾಗದ ಮಿಲ್ಲಿನ ಕತ್ತರಿಕೆ ಚೂರು.
ಕುಲುಮೆಯವರನ್ನು ಮರದ ಮೇಲ್ತುದಿಗೆ ಎತ್ತಿದೆ,
ಕಾಗದದವರನ್ನು ಕೆಳತುದಿಗೆ,
ಫೈನಲ್ಲು ಬಿಟ್ಟು ಇನ್ನೆಲ್ಲೂ ಎದುರಾಗದ ಹಾಗೆ.

ಎದುರಾದರು. ಒಂದು-ಒಂದು.
ಮಾರನೇ ದಿನ ಮತ್ತೆ, ಸೊನ್ನೆ-ಸೊನ್ನೆ.
ಕತ್ತಲಲ್ಲಿ ಕಾಗದದವರ ಗೋಲಿ ಖಲಂದರ್
ಚೆಂಡೆಂದು ಕಪ್ಪೆ ಹಿಡಿದು ಎದೆಗವುಚಿಕೊಂಡ ಅಂತ
ವರ್ಷಗಟ್ಟಲೆ ನಕ್ಕರು.
ಜಂಟಿ ವಿಜೇತರು. ಆರು ತಿಂಗಳು ಅವರಲ್ಲಿ, ಆರು ತಿಂಗಳು ಇವರಲ್ಲಿ.
ಮುಚ್ಚಳ ಯಾರ ಲೆಕ್ಕಕ್ಕೂ ಬರಲಿಲ್ಲ,
ನಮ್ಮ ಮನೆಯ ಹಾಲಿನ ಪಾತ್ರೆಯ ಮೇಲೆ ಉಳಿಯಿತು.

ರಾಷ್ಟ್ರದ ಕಪ್ಪಿಗೆ ಮಾತ್ರ ಒಂದೇ ತಂಡ.
ಅಲ್ಲಿ ಆರಾರು ತಿಂಗಳು ಇಲ್ಲ.
ನಾಣ್ಯ ಹಾರಿತು. ನಮ್ಮವರು ಸಿಂಹ ಅಂದರು,
ಬಿದ್ದದ್ದು ಅಂಕಿ.

ಕಾಗದದವರು ಬೀರೂರಲ್ಲಿ ರೈಲು ಬದಲಿಸಿದರು.
ಚೀಲದಲ್ಲಿ ಅವಲಕ್ಕಿ, ಬೂಟಿಗೆ ಹೊಂಗೆ ಎಣ್ಣೆ,
ಮೂರು ಹಗಲು, ಮೂರು ರಾತ್ರಿ.
ದೇಶದ ಆ ಮೂಲೆಯಲ್ಲಿ ಯಾವುದೋ ಪಲ್ಟನ್ನಿನ ತಂಡ,
ತೊಂಬತ್ತು ನಿಮಿಷ, ಆರು ಗೋಲು.
ಲೀಗಾದರೆ ನಾಳೆ ಅನ್ನುವುದೊಂದು ಇರುತ್ತದೆ.
ನಾಕೌಟಿಗೆ ಇರುವುದು
ವಾಪಸು ರೈಲಿನ ಸಮಯ.

ಸ್ಟೇಷನ್ನಿಗೆ ಹೋದವನು ಅಪ್ಪ ಒಬ್ಬನೇ,
ಟಾಸು ಸೋತ ಕುಲುಮೆಯ ಮನುಷ್ಯ, ಟೀ ಕ್ಯಾನು ಹಿಡಿದು.
ಖಲಂದರನ ಅಂಗೈ ತಿರುವಿ ನೋಡಿದ.
ಚರ್ಮ ಎದ್ದಿತ್ತು.
"ಏಳನೆಯದು?" ಅಂದ.
"ಹಿಡಿದೆ," ಅಂದ ಖಲಂದರ್.
ಟೀ ಆರುವ ತನಕ ಬೇರೆ ಮಾತಿಲ್ಲ.

ಆ ರಾತ್ರಿ ಅಪ್ಪ ಮತ್ತೆ ಸ್ಟೂಲು ಹತ್ತಿ
ಬಾಗಿಲ ಚೌಕಟ್ಟಿನ ಆಚೆ ಬದಿಗೂ
ಒಂದು ಗೆರೆ ಎಳೆದ. ಗೇಣುದ್ದ. ಅಲ್ಲಿಗೆ ನಿಲ್ಲಿಸಿದ.

ಕ್ಯಾಂಟೀನಿಗೆ ಈಗ ಸೂರಿಲ್ಲ.
ಕಪ್ಪು ಎಲ್ಲಿದೆಯೋ, ಯಾರ ಪಾಳಿಯೋ.
ಮೊನ್ನೆ ಮುಚ್ಚಳವನ್ನು ಹುಣಿಸೆಹಣ್ಣಿನಲ್ಲಿ ಉಜ್ಜಿದೆ,
ಅಂಚಿನಲ್ಲಿ ಕೊಂಚ ಬೆಳ್ಳಿ ಇಣುಕಿತು.
ಅದರ ಮೇಲೆ ಯಾರ ಹೆಸರೂ ಇಲ್ಲ.
ಹಾಲು ಉಕ್ಕುವಾಗ ಕುಣಿಯುತ್ತದೆ,
ಒಲೆ ಆರಿಸುವುದರೊಳಗೆ ಒಮ್ಮೊಮ್ಮೆ
ನೆಲಕ್ಕೆ ಬಿದ್ದು ಅಡುಗೆಮನೆಯ ಆ ತುದಿಯವರೆಗೆ ಉರುಳುತ್ತದೆ.